ಕಳಚಿ ಒಯ್ಯುವ ರೋಬೊ ಅಂಕಣ ಕಟ್ಟುವುದು ಹೇಗೆ?

ಗೆರೆ ಹಿಡಿದು ಓಡುವ ಪುಟ್ಟ ರೋಬೊ ಮನೆಯಲ್ಲಿ ಸರಿಯಾಗಿ ಓಡಿ, ವಿಜ್ಞಾನ ವಸ್ತುಪ್ರದರ್ಶನದಲ್ಲಿ ದಾರಿ ತಪ್ಪಿದರೆ ಮಕ್ಕಳು ಅಲ್ಲೇ ಪ್ರೋಗ್ರಾಂ ತಿದ್ದಲು ಕೂರುತ್ತಾರೆ. ಕಾರವಾರ, ಕುಮಟಾ, ಶಿರಸಿ ಎಲ್ಲೇ ನೋಡಿದರೂ ಇದೇ ಕಥೆ. ಪ್ರೋಗ್ರಾಂ ಬಿಡಿ, ಮೊದಲು ಅಂಕಣ, ಅಂದರೆ ರೋಬೊ ಓಡುವ ಹಾಸು, ನೋಡಿ. ಫ್ಲೆಕ್ಸ್ ಬ್ಯಾನರ್ ಮುದ್ರಿಸಿ ಸುರುಳಿ ಸುತ್ತಿ ತರುವುದು ಅಗ್ಗ, ಒಪ್ಪಿದೆ. ಆದರೆ ಅದರ ಅಂಚು ಏಳುತ್ತದೆ, ಹೊಳಪು ಮೈ ಗೆರೆ ಗುರುತಿಸುವ ಸೆನ್ಸರನ್ನು ಕಂಗೆಡಿಸುತ್ತದೆ. ಬೇಡ.

8x4 ಅಡಿಯ ಒಂದು ಪ್ಲೈವುಡ್ ಹಾಳೆಯನ್ನು 4x2 ಅಡಿಯ ನಾಲ್ಕು ಹಲಗೆಗಳಾಗಿ ಕೊಯ್ಯಿಸಿ, ಅಂಗಡಿಯ ಯಂತ್ರದಲ್ಲೇ. ಈ ಅಳತೆ ಆಟೋದಲ್ಲೂ ಹಿಡಿಸುತ್ತದೆ, ಬಸ್ಸಿನ ಡಿಕ್ಕಿಯಲ್ಲೂ ಹಿಡಿಸುತ್ತದೆ. 9 ಎಂಎಂ ದಪ್ಪ ಸಾಕು. 18 ಎಂಎಂ ಹಲಗೆ ಹೊತ್ತು ದೇವಿಮನೆ ಘಟ್ಟ ಹತ್ತಿದವರು ಎರಡನೆಯ ಸಲ ಹೊರುವುದಿಲ್ಲ. ಪ್ಲೈ ಮೇಲೆ ಐಎಸ್ 710 ಮುದ್ರೆ ಇರಲಿ, ಅದು ನೀರು ತಾಳುವ ಮರೀನ್ ಪ್ಲೈಯ ಗುರುತು. 'ವಾಟರ್‌ಪ್ರೂಫ್' ಎಂದು ಅಂಗಡಿಯವರು ಬಾಯಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಂತೂ ಕರಾವಳಿಯ ಒಂದೇ ಮಳೆಗಾಲಕ್ಕೆ ಅಂಚಿನಲ್ಲಿ ಉಬ್ಬಿಕೊಳ್ಳುತ್ತದೆ.

ಮೇಲ್ಮೈಗೆ ಬಿಳಿ ಸನ್‌ಮೈಕಾ ಅಂಟಿಸಿ, ಕಡ್ಡಾಯವಾಗಿ ಹೊಳಪಿಲ್ಲದ ಮ್ಯಾಟ್. ಹಿಂಬದಿಗೂ ಅಷ್ಟೇ ದಪ್ಪದ್ದು ಬೇಕು, ಬಣ್ಣ ಯಾವುದಾದರೂ ನಡೆದೀತು. ಇಲ್ಲಿ ಹಣ ಉಳಿಸುವವರೇ ಹೆಚ್ಚು. ಒಂದೇ ಬದಿಗೆ ಅಂಟಿಸಿದರೆ ಇನ್ನೊಂದು ಬದಿ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಹಲಗೆ ಸುಟ್ಟ ಹಪ್ಪಳದಂತೆ ಬಾಗುತ್ತದೆ. ಆಮೇಲೆ ಅದರ ಮೇಲೆ ಕಲ್ಲು ಹೇರಿದರೂ ಪ್ರಯೋಜನವಿಲ್ಲ.

ಹಿಂಬದಿಯ ಸುತ್ತ ಮತ್ತು ನಡುವೆ ಒಂದೂವರೆ ಇಂಚಿನ ಮರದ ರೀಪು ಹೊಡೆಯಿರಿ. ಹೊಸ ಮರಕ್ಕಿಂತ ಹಳೆಯ ಕಿಟಕಿ ಚೌಕಟ್ಟಿನ ತೇಗ ಒಳ್ಳೆಯದು, ಅದು ತಿರುಚುವಷ್ಟು ಆಗಲೇ ತಿರುಚಿ ಮುಗಿದಿರುತ್ತದೆ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ, ಉಪ್ಪುಗಾಳಿ ಬೇರೆಯದನ್ನು ಉಳಿಸುವುದಿಲ್ಲ.

ಇನ್ನು ಜೋಡಣೆ. ಕೆಲಸ ಕೆಡುವುದು ಇಲ್ಲಿಯೇ. ಪಕ್ಕದ ಹಲಗೆಗೆ ತಾಗುವ ರೀಪು ಹಲಗೆಯ ಅಂಚಿಗೆ ಕರಾರುವಾಕ್ಕಾಗಿ ಸಮ ಇರಬೇಕು. ಅದು ಹೊರಚಾಚಿದರೆ ಮೇಲೆ ಸಂದಿ ಬಿಡುತ್ತದೆ. ಒಳಸರಿದರೆ ಬೋಲ್ಟ್ ಬಿಗಿದಂತೆ ಕೆಳಭಾಗ ಹತ್ತಿರ ಬಂದು ಅಂಕಣದ ನಡುವೆ ಏರು ಹುಟ್ಟುತ್ತದೆ. ಮೂಲೆಮಟ್ಟ ಇಟ್ಟು ನೋಡಿ, ಹೆಚ್ಚಿದ್ದರೆ ಹೆರೆಯಿರಿ.

ತೂತು ಕೊರೆಯುವುದಕ್ಕೆ ಟೇಪು ಹಿಡಿದು ಎರಡೂ ಹಲಗೆಗೆ ಬೇರೆ ಬೇರೆ ಗುರುತು ಹಾಕಬೇಡಿ. ಎಷ್ಟೇ ಜಾಗ್ರತೆ ಮಾಡಿದರೂ ಒಂದು ಎಂಎಂ ಏರುಪೇರಾಗುತ್ತದೆ, ರೋಬೊದ ಮುಂದಿನ ಗುಂಡುಚಕ್ರ ಮುಗ್ಗರಿಸಲು ಅಷ್ಟೇ ಸಾಕು. ಗ್ರಾನೈಟ್ ನೆಲವನ್ನು ಚೆನ್ನಾಗಿ ಗುಡಿಸಿ, ಎರಡು ಹಲಗೆಗಳನ್ನು ಬೋರಲು ಹಾಕಿ, ರೀಪಿಗೆ ರೀಪು ಒತ್ತಿ ಕ್ಲ್ಯಾಂಪ್ ಬಿಗಿಯಿರಿ. ಬಿಳಿ ಮುಖಗಳು ಒಂದೇ ನೆಲಕ್ಕೆ ಕೂತಿರುವುದರಿಂದ ಮಟ್ಟ ತಾನಾಗಿ ಸಿಗುತ್ತದೆ. ಈಗ ಎರಡೂ ರೀಪುಗಳನ್ನು ಒಂದೇ ಏಟಿಗೆ ಕೊರೆಯಿರಿ. 6 ಎಂಎಂ ಬೋಲ್ಟಿಗೆ 6 ಎಂಎಂ ತೂತು. ಸುಲಭವಾಗಿ ಹೋಗಲಿ ಎಂದು ಆಚಾರಿ 8ರ ಬಿಟ್ ತೆಗೆದರೆ ಕೈ ಹಿಡಿಯಿರಿ. ಒಂದು ಜೋಡಣೆಗೆ ಮೂರು ಬೋಲ್ಟ್, ಎರಡು ಕಡೆಗೂ ವಾಷರ್, ಕೈಯಲ್ಲೇ ತಿರುಗಿಸುವ ವಿಂಗ್ ನಟ್. ಈ ತೂತುಗಳು ಆ ಜೋಡಿಗೆ ಮಾತ್ರ ಹೊಂದುತ್ತವೆ. ಕ್ಲ್ಯಾಂಪ್ ಬಿಚ್ಚುವ ಮೊದಲೇ ಎರಡೂ ಅಂಚಿಗೆ ಒಂದೇ ಸಂಖ್ಯೆ ಬರೆಯಿರಿ. ಮಗುಚಿ, ಸಂದಿಯ ಮೇಲೆ ಅಡ್ಡಲಾಗಿ ಉಗುರು ಆಡಿಸಿ. ಎಲ್ಲಿಯೂ ತಡೆಯಬಾರದು.

ಅಷ್ಟಾದರೂ ಕೂದಲೆಳೆಯ ಸಂದಿ ಉಳಿಯುತ್ತದೆ. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಚೆಲ್ಲಿ ನೋಡುವ ಸೆನ್ಸರಿಗೆ ಆ ಬೆಳಕು ಮರಳದ ಜಾಗವೆಲ್ಲ ಕಪ್ಪೇ. ರೋಬೊ ನೆಟ್ಟಗೆ ಬರುತ್ತಿದ್ದುದು ಸಂದಿಯನ್ನೇ ಗೆರೆಯೆಂದು ತಿಳಿದು ಪಕ್ಕಕ್ಕೆ ಹೊರಳುವುದು ಇದರಿಂದ. ಹಲಗೆಯ ಅಂಚುಗಳಿಗೆ ಬಿಳಿ ಬಣ್ಣ ಬಳಿಯಿರಿ. ಸ್ಪರ್ಧೆಯ ದಿನ ಜೋಡಿಸಿದ ಮೇಲೆ ಸಂದಿಯುದ್ದಕ್ಕೂ ಬಿಳಿ ಇನ್ಸುಲೇಷನ್ ಟೇಪು ಹಚ್ಚಿ, ಗೆರೆ ದಾಟುವಲ್ಲಿ ಅದರ ಮೇಲೆ ಕಪ್ಪು ತುಂಡು ಅಂಟಿಸಿ.

ಗೆರೆಗೆ ಮುಕ್ಕಾಲು ಇಂಚಿನ ಕಪ್ಪು ಟೇಪು. ಸಂದಿಯನ್ನು ಗೆರೆ ನೇರವಾಗಿ ದಾಟಲಿ, ತಿರುವನ್ನೋ ಕೂಡುದಾರಿಯನ್ನೋ ಅಲ್ಲಿ ತರಬೇಡಿ. ತಿರುವಿನಲ್ಲಿ ಟೇಪನ್ನು ಎಳೆದು ಬಗ್ಗಿಸಿದರೆ ಅದು ಕುಗ್ಗಿ ಮೇಲೇಳುತ್ತದೆ. ಚಿಕ್ಕ ಚಿಕ್ಕ ತುಂಡುಗಳನ್ನು ಒಂದರ ಮೇಲೊಂದು ತುಸು ಹತ್ತಿಸುತ್ತ ಹೋಗಿ.

ರೋಬೊಗಳು ಒಂದನ್ನೊಂದು ವೃತ್ತದಿಂದ ಹೊರತಳ್ಳುವ ಮಿನಿ ಸುಮೊ ಆಡಿಸುವವರು ಈ ಹಲಗೆಗಳ ಮೇಲೆಯೇ ವೃತ್ತ ಬರೆಯುವ ಆಸೆ ಬಿಡಿ. ಅದಕ್ಕೆ 77 ಸೆಂಟಿಮೀಟರ್ ವ್ಯಾಸದ, ಬಿಳಿ ಅಂಚಿನ ಕಪ್ಪು ತಟ್ಟೆ ಪ್ರತ್ಯೇಕವಾಗಿ ಬೇಕು.

ಅಂಕಣವನ್ನು ಜಗಲಿಯಲ್ಲಿ ಹಾಸಬೇಡಿ, ಬಿಸಿಲಿನಲ್ಲೂ ಇನ್ಫ್ರಾರೆಡ್ ಇದೆ. ಒಯ್ಯುವಾಗ ಮುಖಕ್ಕೆ ಮುಖ ಮಾಡಿ ನಡುವೆ ಹಳೆಯ ಪಂಚೆ ಹಾಕಿ, ಅದಕ್ಕೂ ಮುಂಚೆ ಮರಳು ಒರೆಸಿ. ಮಳೆಗಾಲದಲ್ಲಿ ಗೋಡೆಗೆ ಒರಗಿಸದೆ ಅಟ್ಟದ ಮೇಲೆ ಮಲಗಿಸಿಡಿ. ವಿಂಗ್ ನಟ್ ನಾಲ್ಕು ಹೆಚ್ಚಿಗೆ ತೆಗೆದುಕೊಳ್ಳಿ, ಒಂದಾದರೂ ಸಭಾಂಗಣದ ಬೆಂಚಿನಡಿ ಉರುಳಿ ಹೋಗುತ್ತದೆ.