ಫರ್ನೇಸ್ ಇಲ್ಲದೆಯೂ ಸೀಸ ಸಿಕ್ಕಿತು

"ಬರೀ ಫ್ಲೇಮ್ ಇಟ್ಕೊಂಡು 10 ಪಿಪಿಬಿ ಸೀಸ ಅಳೀತೀರಾ? ಸುಮ್ನೆ ಗ್ಯಾಸ್ ದಂಡ" ಅಂದವರು ಒಬ್ಬಿಬ್ಬರಲ್ಲ. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ ಅದೇ 10 ಪಿಪಿಬಿ (ನೂರು ಕೋಟಿಯಲ್ಲಿ 10 ಪಾಲು). ದ್ರಾವಣವನ್ನು ಜ್ವಾಲೆಗೆ (ಫ್ಲೇಮ್) ಸಿಂಪಡಿಸಿ, ಅಲ್ಲಿ ಹೀರಿಕೊಂಡ ಬೆಳಕಿನಿಂದ ಲೋಹ ಅಳೆಯುವ ಯಂತ್ರ ಎಎಎಸ್; ನಮ್ಮ ದಾವಣಗೆರೆ ಲ್ಯಾಬಿನ ಹಳೇ ಎಎಎಸ್‌ನಲ್ಲಿ ಆ ಮಟ್ಟಕ್ಕೆ ರೀಡಿಂಗ್ ನಿಲ್ಲುವುದೇ ಇಲ್ಲ. ಜ್ವಾಲೆಯ ಬದಲು ಕೂರಿಸುವ, ಇನ್ನೂ ಸಣ್ಣ ಪ್ರಮಾಣ ಹಿಡಿಯುವ ಗ್ರಾಫೈಟ್ ಫರ್ನೇಸ್‌ಗೆ ಕೊಟೇಶನ್ ತರಿಸಿದೆ. 12 ಲಕ್ಷದ ಆಸುಪಾಸು. ಅಲ್ಲಿಗೆ ಆ ಮಾತು ಮುಗಿಯಿತು.

ಮೊದಲು ನೀರನ್ನು ಹಾಟ್‌ಪ್ಲೇಟ್ ಮೇಲೆ ಇಂಗಿಸಿ ನೋಡಿದೆ. ಜಗಳೂರು ಕಡೆಯ ಬೋರ್ ನೀರು ಗೊತ್ತಲ್ಲ, ಸೀಸಕ್ಕಿಂತ ಮುಂಚೆ ಉಪ್ಪೇ ಗಟ್ಟಿಯಾಯಿತು. ಬರ್ನರಿನ ಸೀಳು ಕಟ್ಟಿಕೊಂಡು ಜ್ವಾಲೆ ಹಲ್ಲುದುರಿದ ಬಾಯಿಯ ಹಾಗಾಯಿತು. ಆಮೇಲೆ ಸೀಸ ಬೆಳಕಿನ ದಾರಿಯಲ್ಲಿ ಸ್ವಲ್ಪ ಹೊತ್ತು ಹೆಚ್ಚು ನಿಲ್ಲಲಿ ಅಂತ ಜ್ವಾಲೆಯ ಮೇಲೆ ಸೀಳು ಹಾಕಿದ ಕ್ವಾರ್ಟ್ಜ್ ಕೊಳವೆ ಕೂರಿಸಿದೆ. ಸಿಗ್ನಲ್ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಯಿತು, ನಿಜ. ಆದರೆ ಉಪ್ಪು ತಗುಲಿ ಕೊಳವೆ ಬೆಳ್ಳಗೆ ಸುಣ್ಣವಾಗಿ ಬಿರುಕು ಬಿಟ್ಟಿತು. ಒಂದಕ್ಕೆ 3-4 ಸಾವಿರ ರೂಪಾಯಿ, ಯಾರಿಗೆ ಬೇಕು?

ಕೊನೆಗೆ ಕೈ ಹಿಡಿದದ್ದು ಹಳೇ ಎಪಿಡಿಸಿ–ಎಂಐಬಿಕೆ ವಿಧಾನ: ಎಪಿಡಿಸಿ ಅಂದರೆ ಲೋಹವನ್ನು ಹಿಡಿದುಕೊಳ್ಳುವ ರಾಸಾಯನಿಕ, ಎಂಐಬಿಕೆ ಅಂದರೆ ನೀರಿನ ಮೇಲೆ ತೇಲುವ ದ್ರಾವಕ. 200 ಮಿಲೀ ನೀರು, ಪಿಎಚ್ 3ರ ಹತ್ತಿರ, ಅವತ್ತೇ ಕಲಸಿದ ಎಪಿಡಿಸಿ, 10 ಮಿಲೀ ಎಂಐಬಿಕೆ. ಚೆನ್ನಾಗಿ ಕುಲುಕಿ ಬಿಟ್ಟರೆ ಸೀಸ ಮೇಲಿನ ಪದರಕ್ಕೆ ಬರುತ್ತದೆ, ಉಪ್ಪು ಕೆಳಗೇ ಉಳಿಯುತ್ತದೆ. ಹೇಳೋಕೆ ಸುಲಭ, ಅಲ್ವಾ? ಎಂಐಬಿಕೆ ನೀರಿನಲ್ಲಿ ನೂರಕ್ಕೆ ಎರಡು ಪಾಲು ಕರಗುತ್ತದೆ. ಡಿಸ್ಟಿಲ್ಡ್ ನೀರಿಗೆ 10 ಹಾಕಿದರೆ 6 ವಾಪಸ್ ಬಂದರೆ ಹೆಚ್ಚು. ಉಪ್ಪುನೀರಿನಲ್ಲಿ ಎಂಐಬಿಕೆ ಕಡಿಮೆ ಕರಗುವುದರಿಂದ ಜಾಸ್ತಿ ವಾಪಸ್ ಬರುತ್ತದೆ. ಹಾಗಾಗಿ ಡಿಸ್ಟಿಲ್ಡ್ ನೀರಿನಲ್ಲಿ ಮಾಡಿದ ಸ್ಟ್ಯಾಂಡರ್ಡ್ (ಹೋಲಿಸಲು ಗೊತ್ತಿರುವಷ್ಟು ಸೀಸ ಹಾಕಿದ ದ್ರಾವಣ) ಗಟ್ಟಿ, ಸ್ಯಾಂಪಲ್ ತೆಳು, ಉತ್ತರ ಯಾವಾಗಲೂ ಕಡಿಮೆ. ಇದು ಹೊಳೆಯುವಷ್ಟರಲ್ಲಿ ಒಂದು ಅಸಿಟಿಲೀನ್ ಸಿಲಿಂಡರ್ ಖಾಲಿ. ಈಗ ಆಯಾ ಊರಿನ ನೀರಿಗೇ ಸ್ಪೈಕ್ (ಗೊತ್ತಿರುವಷ್ಟು ಸೀಸ) ಹಾಕಿ ಗ್ರಾಫ್ ಎಳೆಯುತ್ತೇನೆ.

ಬ್ಲ್ಯಾಂಕ್ (ಸೀಸ ಹಾಕದಿದ್ದರೂ ಕಾಣುವ ರೀಡಿಂಗ್) ಕಾಟ ಬೇರೆ. ಪಿಎಚ್ ಕಾಯುವ ಬಫರನ್ನೇ ಮೊದಲು ಎಪಿಡಿಸಿ–ಎಂಐಬಿಕೆಯಲ್ಲಿ ತೊಳೆದ ಮೇಲೆ ಅದು ತಗ್ಗಿತು. ಎಂಐಬಿಕೆ ತಾನೇ ಉರಿಯುತ್ತದೆ, ಗ್ಯಾಸ್ ಇಳಿಸದಿದ್ದರೆ ಜ್ವಾಲೆ ಹಳದಿಯಾಗಿ ಮಸಿ ಕಕ್ಕುತ್ತದೆ. ನೀಲಿ ಬರುವವರೆಗೆ ಇಳಿಸಿ, 283.3 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಓದಿ. 217 ನ್ಯಾನೋಮೀಟರಿನಲ್ಲಿ ಸೂಕ್ಷ್ಮತೆ ಜಾಸ್ತಿ, ಆದರೆ ನಮ್ಮ ಹಳೇ ಲ್ಯಾಂಪಿಗೆ ಬರೀ ಗದ್ದಲ, ರೀಡಿಂಗ್ ಕುಣಿಯುತ್ತದೆ.  

10 ಪಿಪಿಬಿ ಸ್ಪೈಕ್ ಹಾಕಿದರೆ ಒಂಬತ್ತರ ಮೇಲೆಯೇ ಸಿಗುತ್ತಿದೆ. ಸ್ಯಾಂಪಲ್ಲಿಗೆ 60-70 ರೂಪಾಯಿ ಬೀಳಬಹುದು.

ಅದೇ ವಿಧಾನದಲ್ಲಿ, ತಾಮ್ರ ಅಳೆಯುವ ಲ್ಯಾಂಪ್ ಹಾಕಿ ಚಿತ್ರದುರ್ಗದ ಇಂಗಳದಾಳ ಹಳೇ ಗಣಿ ಸುತ್ತಲಿನ ನೀರನ್ನೂ ನೋಡಿದೆ, ಸಲೀಸಾಗಿ ಓದಿತು. ಹೊಳಲ್ಕೆರೆ ಕಡೆಯ ನೀರು ಸತಾಯಿಸಿತು: ಕಬ್ಬಿಣ ಎಪಿಡಿಸಿಯನ್ನೆಲ್ಲ ನುಂಗುತ್ತದೆ, ಮ್ಯಾಂಗನೀಸ್ ಇದ್ದರೆ ಸಂಜೆಯೊಳಗೆ ದ್ರಾವಣ ಕದಡುತ್ತದೆ. ಎಪಿಡಿಸಿ ದುಪ್ಪಟ್ಟು ಹಾಕಿ ಕೂಡಲೇ ಓದಬೇಕು. ಈಗ ಕ್ಯಾಡ್ಮಿಯಂಗೆ ಕೈ ಹಾಕಿದ್ದೇನೆ. ಅದಕ್ಕೆ ಹಳದಿ ಪಿಪೆಟ್ ಟಿಪ್ ಮುಟ್ಟಬೇಡಿ, ಆ ಬಣ್ಣದಲ್ಲೇ ಕ್ಯಾಡ್ಮಿಯಂ ಇರಬಹುದು. ಬಣ್ಣವಿಲ್ಲದ ಟಿಪ್ ತರಿಸಿಕೊಳ್ಳಿ.