ನೆನಪಿದೆಯಾ ಅಂತ ಕೇಳಬೇಡಿ: ಡಿಮೆನ್ಷಿಯಾ ಇರುವವರ ಜೊತೆ ಮ್ಯೂಸಿಯಂಗೆ ಹೋಗುವ ಬಗೆ

ಮೊದಲ ಸಲ ಅತ್ತೆಯನ್ನು ಮ್ಯೂಸಿಯಂಗೆ ಕರೆದುಕೊಂಡು ಹೋದಾಗ ನಾನು ಮಾಡಿದ್ದೆಲ್ಲ ತಪ್ಪೇ. ಭಾನುವಾರ ಮಧ್ಯಾಹ್ನ ಹೋದೆ. ಟಿಕೆಟ್ ತಗೊಂಡಿದ್ದೀವಲ್ಲ ಅಂತ ಎಲ್ಲ ಕೋಣೆಯನ್ನೂ ಸುತ್ತಿಸಿದೆ. ಒಂದೊಂದು ಚಿತ್ರದ ಮುಂದೆಯೂ ನಿಲ್ಲಿಸಿ "ಇದು ಯಾರು ಹೇಳಿ? ನೆನಪಿದೆಯಾ?" ಅಂತ ಕೇಳಿದೆ. ನಾಲ್ಕನೇ ಚಿತ್ರದ ಹೊತ್ತಿಗೆ ಅವರ ಕಣ್ಣಲ್ಲಿ ನೀರು. ಶೌಚಾಲಯಕ್ಕೆ ಹೋದರೆ ಬೀಗ, ಬೀಗದ ಕೈ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದರು. ಯಾವ ಮ್ಯೂಸಿಯಂ ಅಂತ ಹೇಳೋದು ಬೇಡ ಬಿಡಿ.

ಆಮೇಲೆ ನಿಧಾನಕ್ಕೆ ಕಲಿತೆ. ಅತ್ತೆಗೆ ಆಲ್ಝೈಮರ್ಸ್ (ಡಿಮೆನ್ಷಿಯಾ ಅನ್ನುವ ಮರೆವಿನ ಕಾಯಿಲೆಗಳಲ್ಲಿ ಒಂದು) ಬಂದು ನಾಲ್ಕು ವರ್ಷ ಆಯಿತು. ಈಗ ನಾವಿಬ್ಬರೂ ತಿಂಗಳಿಗೊಮ್ಮೆ ಎಲ್ಲಾದರೂ ಹೊರಡುತ್ತೇವೆ.

ಇದೇನು ನನ್ನ ತಲೆಗೆ ಹೊಳೆದದ್ದಲ್ಲ. ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನವರು 2006ರಲ್ಲೇ ಡಿಮೆನ್ಷಿಯಾ ಇರುವವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಒಟ್ಟಿಗೆ ಒಂದು ಕಾರ್ಯಕ್ರಮ ಶುರು ಮಾಡಿದ್ದರು. ಬೇರೆಯವರಿಗೆ ಮ್ಯೂಸಿಯಂ ಮುಚ್ಚಿರುವ ದಿನ ಇವರಿಗೆ ಬಾಗಿಲು ತೆಗೆಯುತ್ತಿದ್ದರು. ಒಂದೂವರೆ ಗಂಟೆ, ನಾಲ್ಕೈದು ಚಿತ್ರ, ಅಷ್ಟೇ. ಚಿತ್ರದ ಮುಂದೆ ಕೂತು ಮಾತಾಡುವುದು. ಆ ಲೆಕ್ಕ ನೋಡಿದ ಮೇಲೆ ನನಗೆ ನಾಚಿಕೆ ಆಯಿತು, ನಾನು ಅತ್ತೆಗೆ ಒಂದು ಗಂಟೆಯಲ್ಲಿ ಅರವತ್ತು ಚಿತ್ರ ತೋರಿಸಿದ್ದೆ! ನಮ್ಮ ಅಳತೆ ಈಗ ಮೂರು ವಸ್ತು, ಮುಕ್ಕಾಲು ಗಂಟೆ.

ಜಾಗ ಆರಿಸುವಾಗ ಯಾವುದು ದೊಡ್ಡ ಮ್ಯೂಸಿಯಂ ಅಂತ ನೋಡಬೇಡಿ, ಅವರು ಬದುಕಿದ್ದು ಹೇಗೆ ಅಂತ ನೋಡಿ. ಎಚ್‌ಎಎಲ್‌ನಲ್ಲಿ ದುಡಿದವರಾದರೆ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂ. ರೈಲ್ವೆಯಲ್ಲಿದ್ದವರಾದರೆ ಮೈಸೂರಿನ ರೈಲ್ವೆ ಮ್ಯೂಸಿಯಂ. ಅದು 1979ರಿಂದ ಇದೆ, ಎಂಜಿನ್‌ಗಳು ಬಯಲಲ್ಲೇ ನಿಂತಿವೆ, ಗಾಳಿ ಬೆಳಕಿಗೆ ಕೊರತೆಯಿಲ್ಲ. ಹಳ್ಳಿಯಲ್ಲಿ ಬೆಳೆದವರಾದರೆ ರಾಮನಗರದ ಜಾನಪದ ಲೋಕ. ಜಾನಪದ ತಜ್ಞ ಎಚ್.ಎಲ್. ನಾಗೇಗೌಡರು ಕಟ್ಟಿದ ಹಳ್ಳಿ ಬದುಕಿನ ಮ್ಯೂಸಿಯಂ. ನಮ್ಮತ್ತೆ ಮಂಡ್ಯದ ಕಡೆಯವರು, ಹಾಗಾಗಿ ನಮಗೆ ಅದೇ ತವರುಮನೆ.

ಅಲ್ಲಿ ನಡೆದದ್ದನ್ನು ಹೇಳಲೇಬೇಕು. ಮೊಮ್ಮಗನ ಹೆಸರು ನೆನಪಿಗೆ ಬಾರದ ಅತ್ತೆ, ಒಂದು ಮೊರದ ಮುಂದೆ ನಿಂತು, "ಇದ್ಯಾಕಿಂಗೆ ಮಡಗವ್ರೆ?" ಅಂದರು. ಆಮೇಲೆ ಬರಿಗೈಯಲ್ಲೇ ಕೇರುವುದಕ್ಕೆ ಶುರು ಮಾಡಿದರು. ಮಣಿಕಟ್ಟು ಹೇಗೆ ತಿರುಗಬೇಕು, ಹೊಟ್ಟು ಯಾವ ಕಡೆ ಹಾರಬೇಕು, ಎಲ್ಲ ಸರಿಯಾಗಿಯೇ ಇತ್ತು. ಬೀಸುವ ಕಲ್ಲು ಕಂಡಾಗ ಬೀಸೋ ಪದ ಗುನುಗಿದರು. ಸೇರು, ಪಾವು ನೋಡಿ ನನಗೆ ಲೆಕ್ಕ ಹೇಳಿಕೊಟ್ಟರು, ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ, ಯಾಕೆಂದರೆ ಸೇರಿನಲ್ಲಿ ಅಳೆದವಳಲ್ಲ ನಾನು. ಕೈ ಕಲಿತ ಕೆಲಸ ತುಂಬಾ ದಿನ ಉಳಿಯುತ್ತೆ. ಹೆಸರು, ತಾರೀಖು, ನಿನ್ನೆಯ ಊಟ ಇವೆಲ್ಲ ಬೇಗ ಹೋಗುತ್ತವೆ. ಅದಕ್ಕೇ ಕೈಯಿಗೆ ಕೆಲಸ ನೆನಪಿಸುವ ವಸ್ತು ಹುಡುಕಿ. ಮ್ಯೂಸಿಯಂನಲ್ಲಿ ಮುಟ್ಟಲು ಬಿಡದಿದ್ದರೆ, ಮನೆಯಿಂದಲೇ ಒಂದು ಸಣ್ಣ ಪಾವು, ಒಂದು ಹಿತ್ತಾಳೆ ಚೊಂಬು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಲ್ಲಿ ನೋಡಿ, ಇಲ್ಲಿ ಮುಟ್ಟಲಿ.

ಇನ್ನು ಮಾತು. ಪರೀಕ್ಷೆ ಮಾಡುವ ಪ್ರಶ್ನೆ ಯಾವುದೂ ಬೇಡ. "ಇದೇನು?" ಕೂಡ ಪರೀಕ್ಷೆಯೇ. ತಪ್ಪು ಉತ್ತರವೇ ಇಲ್ಲದಂಥ ಪ್ರಶ್ನೆ ಕೇಳಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಲ್ದಂಕರ್ ಬರೆದ ದೀಪ ಹಿಡಿದ ಹೆಣ್ಣಿನ ಚಿತ್ರ ಇದೆಯಲ್ಲ, ಅದರ ಮುಂದೆ ನಾನು "ಗಾಳಿ ಬಂದ್ರೆ ದೀಪ ಆರಿಹೋಗುತ್ತಾ ಅತ್ತೆ?" ಅಂದೆ. "ಕೈ ಅಡ್ಡ ಮಡಗವ್ಳಲ್ಲ, ಆರಾಕಿಲ್ಲ ಕಣವ್ವ" ಅಂದರು. ಆ ಚಿತ್ರವನ್ನು ನಾನು ಹತ್ತು ಸಲ ನೋಡಿದ್ದೇನೆ, ಆ ಕೈಯನ್ನು ಅಷ್ಟು ಗಮನಿಸಿರಲಿಲ್ಲ. ಅವರು ಏನು ಹೇಳಿದರೂ ತಿದ್ದಬೇಡಿ. ರವಿವರ್ಮನ ಚಿತ್ರದ ರಾಣಿಯನ್ನು "ನಮ್ಮ ದೊಡ್ಡಮ್ಮ" ಅಂದರೆ, ದೊಡ್ಡಮ್ಮನೇ. ಸೀರೆ ಚೆಂದ ಇದೆಯಲ್ವಾ ಅಂತ ಕೇಳಿ. ಅಮೆರಿಕದ ಆನ್ ಬಾಸ್ಟಿಂಗ್ ಎಂಬವರು 1990ರ ದಶಕದಲ್ಲಿ ಟೈಮ್‌ಸ್ಲಿಪ್ಸ್ ಅನ್ನೋ ಪದ್ಧತಿ ಶುರು ಮಾಡಿದ್ದು ಇದೇ ನಂಬಿಕೆಯ ಮೇಲೆ: ನೆನಪು ಮಾಡಿಕೊಳ್ಳಿ ಅಂತ ಕಾಡುವುದು ಬಿಟ್ಟು, ಒಂದು ಚಿತ್ರ ಮುಂದಿಟ್ಟು ಕಥೆ ಕಟ್ಟಿ ಅನ್ನುವುದು. ಸುಮ್ನೆ ಕೂತು ನೋಡಿದರೂ ಸರಿ. ಮೌನವನ್ನು ತುಂಬಿಸುವ ಆತುರ ನಮ್ಮದು, ಅವರದ್ದಲ್ಲ.

ಹೊರಡುವ ಮುಂಚಿನ ತಯಾರಿ ಬೇಜಾರಿನ ಕೆಲಸ, ಆದರೂ ಮಾಡಲೇಬೇಕು. ಮೊದಲೇ ಫೋನ್ ಮಾಡಿ ಗಾಲಿಕುರ್ಚಿ ಇದೆಯಾ, ಮೆಟ್ಟಿಲು ಎಷ್ಟು, ಶೌಚಾಲಯ ತೆಗೆದಿರುತ್ತಾ ಅಂತ ಕೇಳಿ. ವಾರದ ದಿನ, ಬೆಳಗ್ಗೆ ತಿಂಡಿ ಆದಮೇಲೆ ಹೋಗಿ. ಸಂಜೆ ಹೊತ್ತು ತುಂಬಾ ಜನಕ್ಕೆ ಗಾಬರಿ ಜಾಸ್ತಿ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ, ಇನ್ನೂರು ಮಕ್ಕಳ ಕೂಗಿನ ನಡುವೆ ಯಾವ ಕಲೆಯೂ ತಲೆಗೆ ಹೋಗಲ್ಲ. ಮಡಚುವ ಸ್ಟೂಲ್ ಒಂದಿರಲಿ. ನಿಮ್ಮ ಫೋನ್ ನಂಬರ್ ಬರೆದ ಚೀಟಿ ಅವರ ಪರ್ಸಿನಲ್ಲೋ ಸೊಂಟದ ಚೀಲದಲ್ಲೋ ಇರಲಿ.

ಒಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಹೊಳೆಯುವ ನೆಲ ಅವರಿಗೆ ನೀರಿನ ಹಾಗೆ ಕಾಣಬಹುದು, ಬಾಗಿಲಲ್ಲಿ ಹಾಸಿದ ಕಪ್ಪು ಮ್ಯಾಟ್ ಗುಂಡಿಯ ಹಾಗೆ. ಅತ್ತೆ ಮ್ಯಾಟ್ ಮುಂದೆ ಕಾಲು ಎತ್ತದೇ ನಿಂತಾಗ ಹಟ ಅಂದುಕೊಂಡಿದ್ದೆ. ಎಳೆಯಬೇಡಿ, ಪಕ್ಕದಿಂದ ಸುತ್ತಿಕೊಂಡು ಹೋಗಿ. ಕೋರೆಹಲ್ಲಿನ ಮುಖವಾಡ, ಕತ್ತಲೆ ಕೋಣೆ ಕೂಡ ಕೆಲವರಿಗೆ ಹೆದರಿಕೆ. ನೀವು ಒಬ್ಬರೇ ಒಮ್ಮೆ ಮೊದಲು ಹೋಗಿ ನೋಡಿಕೊಂಡು ಬಂದರೆ ಒಳ್ಳೆಯದು.

ಹೊರಗೆ ಹೋಗಲಾಗದಿದ್ದರೆ ಮನೆಯಲ್ಲೇ ಮಾಡಿ. ನನ್ನ ಕೇಳಿದರೆ ದಸರಾ ಗೊಂಬೆಗಿಂತ ಒಳ್ಳೆಯ ಮ್ಯೂಸಿಯಂ ಇಲ್ಲ. ಪಟ್ಟದ ಗೊಂಬೆ ಹೊರತೆಗೆದು ಒರೆಸಿ, ಬಟ್ಟೆ ಉಡಿಸಿ, ಎಲ್ಲಿ ಕೂರಿಸಬೇಕು ಅಂತ ಅವರನ್ನೇ ಕೇಳಿ. ಅದಕ್ಕೆ ನವರಾತ್ರಿಯೇ ಬರಬೇಕಾಗಿಲ್ಲ. ಚನ್ನಪಟ್ಟಣದ ಗೊಂಬೆ ಹಿಡಿಯುವುದಕ್ಕೆ ನುಣುಪು, ಬಿದ್ದರೆ ಒಡೆಯಲ್ಲ. ರಂಗೋಲಿ ಹಾಕುವುದಾದರೆ ಕೆಳಗೆ ಕೂರುವುದು ಕಷ್ಟ, ಮೇಜಿನ ಮೇಲೆ ಕಪ್ಪು ಹಲಗೆ ಇಡಿ. ಚುಕ್ಕಿ ನೀವು ಇಡಿ, ಎಳೆ ಅವರು ಎಳೆಯಲಿ. ಕಲ್ಲಿನ ಪುಡಿ ಬೇಡ, ಅಕ್ಕಿ ಹಿಟ್ಟು ಕೊಡಿ, ಬೆರಳು ಬಾಯಿಗೆ ಹೋಗುತ್ತೆ. ಮಣಿ, ಗುಂಡಿಯಂಥ ಸಣ್ಣ ಸಾಮಾನೂ ಬೇಡ. ಹಾಗೇ ಮಕ್ಕಳ ಬಣ್ಣ ತುಂಬುವ ಪುಸ್ತಕ ದಯವಿಟ್ಟು ಕೊಡಬೇಡಿ. ಐವತ್ತು ವರ್ಷ ಮನೆ ನಡೆಸಿದವರಿಗೆ ಆನೆಮರಿ ಚಿತ್ರ ಕೊಟ್ಟರೆ ಅವಮಾನ ಅಲ್ವಾ?

ಸಂಜೆ ಅತ್ತೆಗೆ ಹೋಗಿ ಬಂದದ್ದೇ ಮರೆತಿರುತ್ತೆ. "ಎಲ್ಲೂ ಕರ್ಕೊಂಡೋಗಲ್ಲ ನೀನು" ಅಂತ ಬೈದಿದ್ದೂ ಉಂಟು. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಅಯೋವಾ ವಿಶ್ವವಿದ್ಯಾಲಯದವರ 2014ರ ಅಧ್ಯಯನದ ಬಗ್ಗೆ ಓದಿದೆ. ಆಲ್ಝೈಮರ್ಸ್ ಇರುವವರಿಗೆ ನಗಿಸುವ, ಅಳಿಸುವ ತುಣುಕು ಚಿತ್ರಗಳನ್ನು ತೋರಿಸಿದ್ದರಂತೆ. ನೋಡಿದ್ದು ಮರೆತ ಮೇಲೂ ಆ ಖುಷಿ, ಆ ದುಃಖ ಹಾಗೇ ಉಳಿದಿತ್ತಂತೆ. ಹೋಗಿ ಬಂದ ದಿನ ಅತ್ತೆ ರಾತ್ರಿ ಊಟಕ್ಕೆ ರಗಳೆ ಮಾಡುವುದು ಕಡಿಮೆ, ಅದು ನಾನು ಕಂಡದ್ದು.

ಅವರು ಬೇಡ ಅಂದರೆ ಬೇಡ. ಒಂದು ಸಲ ಜಾನಪದ ಲೋಕದ ಗೇಟಿನವರೆಗೂ ಹೋಗಿ, ಅತ್ತೆ ಕಾರಿಂದ ಇಳಿಯಲ್ಲ ಅಂದಿದ್ದಕ್ಕೆ ಅಲ್ಲಿಂದಲೇ ತಿರುಗಿಸಿದೆವು. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಮನೆಗೆ ಬಂದೆವು.