ಎಲಾಸ್ಟಿಕಾಗೆ ಗೂಟಿ ಕಟ್ಟಿದ್ದು

ಸುಳ್ಯದ ನಮ್ಮ ತೋಟದಲ್ಲಿ ಅಪ್ಪನ ಜೊತೆ ರಬ್ಬರ್ ಟ್ಯಾಪಿಂಗ್, ಅಂದರೆ ಮರದ ಸಿಪ್ಪೆ ಕೆತ್ತಿ ಹಾಲು ಇಳಿಸುವ ಕೆಲಸ, ಮಾಡಿ ಬೆಳೆದವನು ನಾನು. ಬೆಂಗಳೂರಿನ ನರ್ಸರಿಯೊಂದರಲ್ಲಿ 'ರಬ್ಬರ್ ಗಿಡ' ಅಂತ ಕುಂಡ ಕೊಟ್ಟಾಗ, ಇದು ನಮ್ಮ ಮರ ಅಲ್ಲ ಅಂತ ಕೂಡಲೇ ಗೊತ್ತಾಯಿತು. ನಮ್ಮ ಮರದಲ್ಲಿ ಒಂದು ತೊಟ್ಟಿಗೆ ಮೂರು ಎಲೆ. ಇದರಲ್ಲಿ ಒಂದೇ, ದಪ್ಪ, ಹೊಳೆಯುವ ಎಲೆ. ಚೀಟಿಯಲ್ಲಿ 'ಫೈಕಸ್ ಎಲಾಸ್ಟಿಕಾ' ಎಂದಿತ್ತು.

ಫೈಕಸ್ ಅಂದರೆ ಲ್ಯಾಟಿನ್‌ನಲ್ಲಿ ಅಂಜೂರ. ಆಲ, ಅರಳಿ, ಅತ್ತಿ ಎಲ್ಲವೂ ಇದೇ ಕುಲದವು. ಎಲಾಸ್ಟಿಕಾ ಅಂದರೆ ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುವ ಗುಣದ್ದು. ಬಟ್ಟೆಗೆ ಹಾಕುವ ಎಲಾಸ್ಟಿಕ್ ಕೂಡ ಇದೇ ಪದ, ಅಲ್ವಾ! ಲ್ಯಾಟಿನ್‌ನಲ್ಲಿ ಫೈಕಸ್ ಸ್ತ್ರೀಲಿಂಗ. ಅದಕ್ಕೇ ಎಲಾಸ್ಟಿಕಸ್ ಆಗದೆ ಎಲಾಸ್ಟಿಕಾ ಆಗಿದೆ, ಅರಳಿಮರ ಫೈಕಸ್ ರಿಲಿಜಿಯೋಸಾ ಆದ ಹಾಗೆ. 19ನೇ ಶತಮಾನದಲ್ಲಿ ಅಸ್ಸಾಮಿನಲ್ಲಿ ಈ ಮರದ ಹಾಲಿನಿಂದಲೇ ರಬ್ಬರ್ ತೆಗೆಯುತ್ತಿದ್ದರು. ಆಮೇಲೆ ಬ್ರೆಜಿಲ್ ಮೂಲದ ಹೆವಿಯಾ, ಅಂದರೆ ನಮ್ಮ ತೋಟದ ಮರ, ಆ ಜಾಗ ಹಿಡಿಯಿತು. ಮೇಘಾಲಯದ ಖಾಸಿ ಜನ ಹಳ್ಳದ ಮೇಲೆ ಬೆಳೆಸುವ ಜೀವಂತ ಬೇರಿನ ಸೇತುವೆಗಳೂ ಎಲಾಸ್ಟಿಕಾದವೇ.

ಐದು ವರ್ಷದಲ್ಲಿ ನನ್ನ ಗಿಡ ತಾರಸಿ ಮುಟ್ಟಿತು. ಸುಮ್ನೆ ಕತ್ತರಿಸಿ ಎಸೆಯಲು ಮನಸ್ಸಾಗಲಿಲ್ಲ. ಗೂಟಿ ಕಟ್ಟಿದೆ, ಅಂದರೆ ಕಾಂಡ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ, ಆಮೇಲೆ ಕತ್ತರಿಸಿ ನೆಡುವ ವಿಧಾನ. ಹೆಬ್ಬೆರಳು ದಪ್ಪದ ಕಾಂಡದಲ್ಲಿ, ಗಿಣ್ಣಿನ ಕೆಳಗೆ ಒಂದಿಂಚು ಅಗಲಕ್ಕೆ ಸುತ್ತಲೂ ಸಿಪ್ಪೆ ತೆಗೆದೆ. ಎರಡು ತಿಂಗಳ ನಂತರ ಬಿಚ್ಚಿದರೆ ಒಂದು ಬೇರೂ ಇಲ್ಲ. ಗಾಯದ ಮೇಲೆ ಹೊಸ ಸಿಪ್ಪೆ ಬಂದಿತ್ತು.

ತಪ್ಪು ನನ್ನ ಕೈಯ ಅಭ್ಯಾಸದಲ್ಲಿತ್ತು. ಟ್ಯಾಪಿಂಗ್ ಕಲಿಸುವಾಗ ಅಪ್ಪ ಮೊದಲು ಹೇಳಿದ್ದೇ, ಕತ್ತಿ ಮರಕ್ಕೆ ತಾಗಬಾರದು ಅಂತ. ಸಿಪ್ಪೆಗೂ ಮರಕ್ಕೂ ನಡುವಿನ ತೆಳು ಪದರ ಉಳಿದರೆ ಮಾತ್ರ ಸಿಪ್ಪೆ ಮತ್ತೆ ಬೆಳೆಯುತ್ತದೆ. ಗೂಟಿಗೆ ಇದೇ ತಿರುಗುಮುರುಗು. ಎಲೆಯಲ್ಲಿ ತಯಾರಾದ ಆಹಾರ ಸಿಪ್ಪೆಯ ಮೂಲಕ ಕೆಳಗಿಳಿಯುತ್ತದೆ. ಆ ದಾರಿ ಪೂರ್ತಿ ಕಡಿದರೆ ಆಹಾರ ಗಾಯದ ಮೇಲಂಚಿನಲ್ಲಿ ತುಂಬಿಕೊಂಡು, ಅಲ್ಲಿಂದ ಬೇರು ಹೊರಡುತ್ತದೆ.

ಮುಂದಿನ ಜೂನ್‌ನಲ್ಲಿ ಮತ್ತೆ ಮಾಡಿದೆ. ಹಾಲು ಜಾಸ್ತಿ ಸುರಿಯಿತು. ಒದ್ದೆ ಬಟ್ಟೆಯಿಂದ ಒರೆಸಿ, ಅದು ನಿಂತ ಮೇಲೆ ಚಾಕುವಿನ ಬೆನ್ನಿನಿಂದ ಆ ಜಾರುವ ಪದರವನ್ನು ಕೆರೆದೆ. ಬೆರಳಿಗೆ ಒಣ ಕಟ್ಟಿಗೆಯ ಹಾಗೆ ತಾಗಬೇಕು. ಮೇಲಂಚಿಗೆ ಬೇರು ಬರಿಸುವ ಪುಡಿ ಸವರಿದೆ. ನೆನೆಸಿ ಚೆನ್ನಾಗಿ ಹಿಂಡಿದ ತೆಂಗಿನ ನಾರಿನ ಪುಡಿ ಇಟ್ಟು, ಪ್ಲಾಸ್ಟಿಕ್ ಸುತ್ತಿ, ಎರಡೂ ತುದಿ ಬಿಗಿಯಾಗಿ ಕಟ್ಟಿದೆ. ನೀರು ಉಳಿದರೆ ಕೊಳೆಯುತ್ತದೆ, ಅದಕ್ಕೇ ಹಿಂಡುವುದು. ಕೈಗವಸು ಹಾಕಿಕೊಳ್ಳಿ. ಈ ಹಾಲು ಕೆಲವರ ಚರ್ಮಕ್ಕೆ ಆಗುವುದಿಲ್ಲ.

ಏಳನೇ ವಾರ ಪ್ಲಾಸ್ಟಿಕ್ಕಿನೊಳಗೆ ಬಿಳಿ ಬೇರು ಕಂಡಾಗ ಆದ ಖುಷಿ ಹೇಳಲಾರೆ. ಬೇರು ತುಂಬುವವರೆಗೆ ಇನ್ನೆರಡು ವಾರ ಕಾದು, ಅದರ ಕೆಳಗೆ ಕತ್ತರಿಸಿ ಕುಂಡಕ್ಕೆ ಹಾಕಿದೆ. ತಾಯಿಗಿಡದಲ್ಲೂ ಎರಡು ಹೊಸ ಚಿಗುರು ಬಂದವು.

ಆ ಮರಿಗಿಡವನ್ನು ದೀಪಾವಳಿಗೆ ಊರಿಗೆ ಒಯ್ದೆ. ಇದರ ಬೇರು ಗೋಡೆ ಸೀಳುತ್ತದೆ ಅಂತ ನಾನು ಹೇಳಿದ್ದರಿಂದ, ಮನೆ, ಬಾವಿ ಎರಡರಿಂದಲೂ ದೂರ, ಬೇಲಿಯ ಮೂಲೆಯಲ್ಲಿ ಅಪ್ಪ ಗುಂಡಿ ತೆಗೆದರು. ನೆಡುವ ಮೊದಲು ಒಂದು ಎಲೆ ಚಿವುಟಿ, ಹಾಲನ್ನು ಎರಡು ಬೆರಳ ನಡುವೆ ತಿಕ್ಕಿ, ಮೆಲ್ಲಗೆ ಎಳೆದು ನೋಡಿದರು.

"ಇದಕ್ಕೂ ಎಳೆತ ಉಂಟು ಮಾರಾಯ" ಅಂದರು.